ಸಾಲಿನ ಕೊನೆಯವಳು

ಆನೆ ಎದುರಾದರೆ ಬೆನ್ನ ಮೇಲಿನ ಹೊರೆ ಬಿಸಾಡಿ ಓಡಬೇಕು. ಕಾಡಿನ ಗೇಟಿನ ಹತ್ತಿರ ಎಲ್ಲರನ್ನೂ ನಿಲ್ಲಿಸಿಕೊಂಡು ಹಾಗಂತ ಹೇಳಿದರಂತೆ. ನಾನು ಆಗ ಗಾಡಿಯೊಳಗೆ ಯಾರೋ ಮಾಡಿಕೊಂಡಿದ್ದ ವಾಂತಿ ತೊಳೆಯುತ್ತಿದ್ದೆ. ನನಗೆ ಯಾರೂ ಹೇಳಲಿಲ್ಲ. ಹೇಳಿದ್ದರೂ ಏನು ಬಂತು? ಮಾರನೆಯ ದಿನ ನನ್ನ ಹೊರೆಯನ್ನು ನನ್ನ ಮೈಗೇ ಹಗ್ಗ ಹಾಕಿ ಬಿಗಿದಿದ್ದರು.

ನನ್ನ ಹೆಸರು ಯಲ್ಲಮ್ಮ. ಜರಗನಹಳ್ಳಿಯವಳು. ಜೆ.ಪಿ. ನಗರ ಅಂತ ಒಂದು ಹುಟ್ಟುವುದಕ್ಕೆ ಮೊದಲಿನಿಂದ ನಾವು ಇಲ್ಲಿಯವರು. ನಮ್ಮ ಕೇರಿ ಇದ್ದ ಜಾಗದಲ್ಲಿ ಈಗ ಕಾರು ತೊಳೆಯುವ ಅಂಗಡಿ, ಅದರ ಮೇಲೆ ಜಿಮ್ಮು. ನಾವಿರುವುದು ಗಂಗಾಧರಯ್ಯನವರ ಬಿಲ್ಡಿಂಗಿನ ಹಿಂದೆ, ಸಂಪಿಗೂ ಕಾಂಪೌಂಡಿಗೂ ನಡುವೆ ಶೀಟು ಹೊದಿಸಿದ ಒಂದು ರೂಮಿನಲ್ಲಿ. ನಾನು, ನನ್ನ ಅವ್ವ ಮಾರಮ್ಮ, ಇಬ್ಬರೇ. ಅವ್ವನಿಗೆ ಕಣ್ಣು ಮಂಜು. ಗಂಗಾಧರಯ್ಯ ಹಿಂದೆ ರಾಗಿ ಬೆಳೆಯುತ್ತಿದ್ದವರು, ಈಗ ಬಾಡಿಗೆ ಬೆಳೆಯುತ್ತಾರೆ. ಅವರ ಪಿ.ಜಿ.ಯ ಮೆಟ್ಟಿಲು ಗುಡಿಸುವುದು, ಕಕ್ಕಸು ಉಜ್ಜುವುದು ನನ್ನ ಕೆಲಸ. ಅದಕ್ಕೆ ಬದಲು ಆ ರೂಮು. ಹಾಗಾಗಿ ಅವರ ಹೆಂಡತಿ ಅಂಜನಮ್ಮ ಏನು ಹೇಳಿದರೂ ಆಗಲ್ಲ ಅನ್ನುವ ಮಾತು ನನ್ನ ಗಂಟಲು ದಾಟಿ ಈಚೆಗೆ ಬರುತ್ತಿರಲಿಲ್ಲ.

ಅವರ ಮಗ ರೇವಂತ್. ಇಂಜಿನಿಯರಿಂಗ್ ಓದಿ, ಅದನ್ನು ಅರ್ಧಕ್ಕೆ ಬಿಟ್ಟು, ಕೆಳಗಿನ ಮನೆಯಲ್ಲಿ ಟ್ರೆಕ್ಕಿಂಗ್ ಕಂಪನಿ ತೆಗೆದಿದ್ದಾನೆ. ಶನಿವಾರ ಬಂತೆಂದರೆ ಜಯನಗರ, ಬನಶಂಕರಿ, ಬಿ.ಟಿ.ಎಂ. ಕಡೆಯಿಂದ ಜನ ಬಂದು ಸೇರುತ್ತಾರೆ. ಅವರನ್ನು ಟೆಂಪೋ ಟ್ರಾವೆಲರಿನಲ್ಲಿ ತುಂಬಿಕೊಂಡು ಘಟ್ಟದ ಕಾಡಿಗೆ ಒಯ್ದು ನಡೆಸುತ್ತಾನೆ. ನಡೆಯುವುದಕ್ಕೂ ಕಾಸು ಕೊಡುತ್ತಾರೆ ಜನ. ನಾನು ಹುಟ್ಟಿದಾಗಿನಿಂದ ಪುಕ್ಕಟೆ ನಡೆದವಳು.

ಒಂದು ದಿನ ಮೆಟ್ಟಿಲು ಒರೆಸುತ್ತಿದ್ದಾಗ ಅಂಜನಮ್ಮ ಕಾಫಿ ತಂದು ಕಿಟಕಿಯ ಕಟ್ಟೆಯ ಮೇಲಿಟ್ಟರು. ನನ್ನ ಲೋಟ ಯಾವಾಗಲೂ ಅಲ್ಲೇ ಇರುತ್ತದೆ, ಅಡುಗೆಮನೆಯೊಳಕ್ಕೆ ಹೋಗುವುದಿಲ್ಲ. ಈ ಸಲ ಟ್ರೆಕ್ಕಿಗೆ ಹೆಂಗಸರು ಜಾಸ್ತಿ ಬರ್ತಾವ್ರೆ, ಜೊತೆಗೊಬ್ಬಳು ಹೆಂಗಸು ಬೇಕು, ತರಕಾರಿ ಹೆಚ್ಚಿಕೊಡು, ನೀನೂ ಕಾಡು ನೋಡಿದ ಹಾಗಾಯ್ತು ಅಂದರು. ಅದೇ ಉಸಿರಿನಲ್ಲಿ ಇನ್ನೊಂದು ಮಾತೂ ಬಂತು. ಹಿಂದಿನ ಶೀಟಿನ ರೂಮು ಕೆಡವಿ ಪಾರ್ಕಿಂಗ್ ಮಾಡಬೇಕು ಅಂತ ಯಜಮಾನರು ಕುಣಿಯುತ್ತಿದ್ದಾರಂತೆ, ಇವರೇ ತಡೆದಿದ್ದಾರಂತೆ. ಎರಡು ಮಾತಿಗೂ ಇದ್ದ ನಂಟು ನನಗೆ ಅರ್ಥವಾಯಿತು. ಬರ್ತೀನಿ ಅಂದೆ.

ನಾನು ಕಂಡ ಕಾಡೆಂದರೆ ಜೆ.ಪಿ. ನಗರದ ಮಿನಿ ಫಾರೆಸ್ಟು. ಅಲ್ಲಿ ಬೆಳಿಗ್ಗೆ ಅಂಕಲ್‌ಗಳು ಕೈಬೀಸಿಕೊಂಡು ಸುತ್ತು ಹಾಕುತ್ತಾರೆ. ಅವ್ವ ಹಾಗಲ್ಲ. ಅವಳು ಹುಡುಗಿಯಾಗಿದ್ದಾಗ ಬನ್ನೇರುಘಟ್ಟದ ಕಡೆಯಿಂದ ಆನೆ ಬಂದು ರಾಗಿ ಹೊಲ ತುಳಿದದ್ದನ್ನು ಕಣ್ಣಾರೆ ಕಂಡವಳು. ಕಾವಲಿಗೆ ಮಲಗಿದ್ದ ತನ್ನ ಮಾವನನ್ನು ಅದು ಏನು ಮಾಡಿತು ಅಂತ ಅವಳು ಯಾವತ್ತೂ ಪೂರ್ತಿ ಹೇಳಿದ್ದಿಲ್ಲ. ಕಾಡಿಗೆ ಹೊರಟಿದ್ದೀನಿ ಅಂದ ಆವತ್ತೂ ಹೇಳಲಿಲ್ಲ. “ಆನೆ ಸದ್ದು ಮಾಡಾಕಿಲ್ಲ ಕಣೇ ಯಲ್ಲಿ. ಅಷ್ಟು ದೊಡ್ಡದು, ಬೆಕ್ಕು ಬಂದಂಗೆ ಬತ್ತದೆ,” ಅಂದಳು. ಅದೊಂದು ಮಾತು ನನ್ನ ಹೊಟ್ಟೆಯಲ್ಲಿ ಕೂತುಬಿಟ್ಟಿತು.

ನಸುಕಿನಲ್ಲಿ ಜರಗನಹಳ್ಳಿ ಬಿಟ್ಟು ಮಧ್ಯಾಹ್ನದ ಹೊತ್ತಿಗೆ ಕಾಡಿನ ಬಾಯಲ್ಲಿದ್ದೆವು. ರೇವಂತ್ ತನ್ನ ಹಳೆಯ ಶೂ ಕೊಟ್ಟಿದ್ದ. ನನ್ನ ಕಾಲಿಗಿಂತ ಉದ್ದ. ಮುಂದೆ ಬಟ್ಟೆ ತುರುಕಿಕೊಂಡು ಹಾಕಿಕೊಂಡೆ. ಬೆನ್ನಿಗೆ ಒಂದು ನೀಲಿ ಪ್ಲಾಸ್ಟಿಕ್ ಡ್ರಮ್ಮು ಏರಿಸಿದರು. ಮೇಲೆ ತಿರುಪು ಮುಚ್ಚಳ, ಒಳಗೆ ಮಡಚಿದ ಒಂದು ಸಣ್ಣ ಟೆಂಟು. ನೀರು ತುಂಬುವುದಕ್ಕೆ ಇರಬೇಕು ಅಂದುಕೊಂಡೆ. ದಾರಿ ತೋರಿಸಲು ಫಾರೆಸ್ಟಿನವರು ಕೊಟ್ಟಿದ್ದ ವಾಚರು ಶಂಭುಲಿಂಗಪ್ಪ, ವಿಭೂತಿ ಹಚ್ಚಿದ ಹಣೆ, ಕೈಯಲ್ಲಿ ಮಚ್ಚು, ಮಾತು ಕಮ್ಮಿ. ಅವನು ಮುಂದೆ ನಡೆದ. ಜೀನ್ಸು, ಟೋಪಿ, ಬಣ್ಣಬಣ್ಣದ ಬ್ಯಾಗುಗಳ ಸಾಲು ಅವನ ಹಿಂದೆ. ಸಾಲಿನ ಕೊನೆಗೆ ನಾನು.

ಒಳಗೆ ಹೊಕ್ಕ ಕೂಡಲೇ ಬಿಸಿಲು ನಿಂತುಹೋಯಿತು. ಹಗಲೋ ಸಂಜೆಯೋ ತಿಳಿಯಲಿಲ್ಲ. ಗಾಳಿಯೇ ಒದ್ದೆ. ಉಸಿರೆಳೆದರೆ ಒದ್ದೆ ಬಟ್ಟೆ ಮೂಗಿಗೆ ಒತ್ತಿದಂತೆ. ಕೊಳೆತ ಎಲೆಯ ಮೇಲೆ ಕಾಲಿಟ್ಟರೆ ಹೂತು ಹೋಗುತ್ತದೆ, ಬೇರಿನ ಮೇಲಿಟ್ಟರೆ ಜಾರುತ್ತದೆ, ಕಲ್ಲಿನ ಮೇಲೆ ಪಾಚಿ. ಬೀಳುತ್ತೇನೆಂದು ಕೈ ಚಾಚಿ ಹಿಡಿದ ಬಳ್ಳಿಯಲ್ಲಿ ಬೆತ್ತದ ಮುಳ್ಳು. ಅಂಗೈ ಹರಿಯಿತು. ಏರು ಮುಗಿಯಿತು ಅನ್ನುವಲ್ಲಿ ಇನ್ನೊಂದು ಏರು. ಮಂಡಿಯ ಚಿಪ್ಪು ಕಳಚಿ ಬೀಳುತ್ತದೇನೋ ಅನಿಸಿತು. ಶೂ ಬಿಚ್ಚಿ ನೋಡಿದರೆ ಕಾಲ್ಬೆರಳ ಸಂದಿಯಲ್ಲಿ ಜಿಗಣೆಗಳು ದಪ್ಪವಾಗಿ ಕೂತಿದ್ದವು. ಕಿತ್ತೆ. ರಕ್ತ ನಿಲ್ಲಲಿಲ್ಲ. ಮತ್ತೆ ಹಾಕಿಕೊಂಡು ನಡೆದೆ. ನಿಂತರೆ ಸಾಲು ಮುಂದಕ್ಕೆ ಹೋಗಿಬಿಡುತ್ತದೆಂಬ ಭಯ.

ಸಾಲಿನಲ್ಲಿ ಅರ್ಪಿತ ಅಂತ ಒಬ್ಬಳಿದ್ದಳು, ಜಯನಗರದವಳು, ಮೆತ್ತಗಿನ ಹುಡುಗಿ. ನಾನು ಏದುಸಿರು ಬಿಡುತ್ತಿದ್ದದ್ದನ್ನು ನೋಡಿ, ನೀರು ಬೇಕಾ ಆಂಟಿ ಅಂದಳು. ಬಾಟಲಿಗೆ ಕೈ ಚಾಚಿದೆ. ಅವಳು ಕೊಡಲಿಲ್ಲ. ಬೊಗಸೆ ಹಿಡೀರಿ ಅಂತ ನಗುತ್ತಲೇ ಅಂದು ಮೇಲಿನಿಂದ ಹುಯ್ದಳು. ನನ್ನ ಅಜ್ಜಿ ಗೌಡರ ಬಾವಿಯ ಹತ್ತಿರ ಹೀಗೇ ಬೊಗಸೆ ಹಿಡಿದು ಕುಡಿಯುತ್ತಿದ್ದಳಂತೆ. ಅಂಗೈಯ ರಕ್ತದ ಜೊತೆ ನೀರು ಕುಡಿದೆ. ಬಾಯಾರಿದವಳಿಗೆ ಸಿಟ್ಟು ಆಮೇಲೆ ಬರುತ್ತದೆ.

ಹಳ್ಳದ ದಂಡೆಯಲ್ಲಿ ಬಿಡಾರ ಹಾಕಿದರು. ತರಕಾರಿ ಹೆಚ್ಚಲು ಕೂತೆ. ಈರುಳ್ಳಿ ಕೈಗೆ ತೆಗೆದುಕೊಂಡಿದ್ದೆನಷ್ಟೆ, ರೇವಂತ್ ಬಂದು, ಅಡುಗೆ ಕಡೆ ನೀನು ಬರಬೇಡ, ಹೈಜೀನ್ ಪ್ರಾಬ್ಲಂ ಆಗ್ತದೆ ಅಂದ. ಮುಟ್ಟಬೇಡ ಅನ್ನುವುದಕ್ಕೆ ಈಗ ಹೈಜೀನ್ ಅನ್ನುತ್ತಾರೆ. ಆಮೇಲೆ ಡ್ರಮ್ಮಿನಿಂದ ಟೆಂಟು ಈಚೆಗೆ ತೆಗೆಸಿ, ಬಿಡಾರದಿಂದ ದೂರ ನಿಲ್ಲಿಸಿ, ಅದರೊಳಗೆ ಒಂದು ಮಡಚುವ ಕುರ್ಚಿ ಇಟ್ಟ. ಕುರ್ಚಿಯ ನಡುವೆ ತೂತು. ತೂತಿಗೆ ಕಪ್ಪು ಚೀಲ ಸಿಕ್ಕಿಸುವುದು ಹೇಗೆ ಅಂತ ತೋರಿಸಿದ.

ಆಗ ನನಗೆ ಗೊತ್ತಾಯಿತು, ನನ್ನನ್ನು ಯಾತಕ್ಕೆ ಕರೆದುಕೊಂಡು ಬಂದದ್ದು ಅಂತ.

ಆ ಕಾಡಿನಲ್ಲಿ ಒಂದು ಕಟ್ಟುಪಾಡಿದೆ. ಹಳ್ಳದ ನೀರು ಕೆಳಗಿನ ಊರಿನವರು ಕುಡಿಯುವ ನೀರು. ಆದ್ದರಿಂದ ಯಾರೂ ನೆಲದ ಮೇಲೆ ಕೂರುವಂತಿಲ್ಲ. ಚೀಲದಲ್ಲಿ ಮಾಡಿ, ವಾಸನೆ ತಡೆಯುವ ಪುಡಿ ಹಾಕಿ, ಗಂಟು ಕಟ್ಟಿ, ಅವರವರದು ಅವರವರೇ ಹೊತ್ತು ಈಚೆ ತರಬೇಕು. ಒಳ್ಳೆಯ ಕಟ್ಟುಪಾಡೇ. ಆದರೆ ಗಿರಾಕಿಗಳಿಗೆ ಅಸಹ್ಯ. ತಮ್ಮದನ್ನು ತಾವು ಹೊರುವುದೇ? ಅದಕ್ಕೆ ರೇವಂತ್ ಕಂಡುಕೊಂಡ ಉಪಾಯ ಈ ಡ್ರಮ್ಮು, ಮತ್ತೆ ನಾನು. ಹೆಂಗಸರು ಗಂಡಾಳಿನ ಮುಂದೆ ನಾಚಿಕೊಳ್ಳುತ್ತಾರೆಂದು ಹೆಣ್ಣಾಳು. ಜಾತಿ ಕೇಳಿ ಕರೆದರಾ ಅಂದರೆ ಇಲ್ಲ, ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೇ ಇರಲಿಲ್ಲವಲ್ಲ. ಗೊತ್ತಿದ್ದವರೇ ಕರೆದದ್ದು.

ಆಗಲೇ ಬಿಟ್ಟು ಬರಬೇಕಿತ್ತು ಅನ್ನುತ್ತೀರಿ. ಎಲ್ಲಿಗೆ? ಸುತ್ತ ಕಾಡು. ಹಿಂದೆ ಊರಿನಲ್ಲಿ ಕಣ್ಣು ಕಾಣದ ಅವ್ವ. ಮಾಡಿದೆ. ಸಂಜೆ ಮಾಡಿದೆ, ಬೆಳಿಗ್ಗೆ ಮಾಡಿದೆ. ಪುಡಿ ಹಾಕದೆ ಬಿಟ್ಟು ಹೋದವರ ಚೀಲಕ್ಕೆ ನಾನೇ ಹಾಕಿದೆ. ಕಟ್ಟದೆ ಬಿಟ್ಟದ್ದನ್ನು ನಾನೇ ಕಟ್ಟಿದೆ. ಪಿ.ಜಿ.ಯಲ್ಲಿ ನೀರು ಹುಯ್ದರೆ ಹೋಗುತ್ತದೆ. ಇಲ್ಲಿ ಹೋಗುವುದಿಲ್ಲ, ಡ್ರಮ್ಮು ಸೇರುತ್ತದೆ. ಬೆಳಿಗ್ಗೆ ನನಗೆ ಉಪ್ಪಿಟ್ಟು ಎಲೆಯ ಮೇಲೆ ಕೊಟ್ಟರು. ತಿನ್ನಲಾಗಲಿಲ್ಲ.

ಹೊರಡುವ ಮುಂಚೆ ಫೋಟೋ ತೆಗೆದರು. ಎಲ್ಲರೂ ಸಾಲಾಗಿ ನಿಂತು ಕೈಯಲ್ಲೊಂದೊಂದು ಕಪ್ಪು ಚೀಲ ಎತ್ತಿ ಹಿಡಿದು ನಕ್ಕರು. ನಮ್ಮ ಕಸ ನಮ್ಮ ಹೊಣೆ ಅಂತ ಕೂಗಿದರು. ಚೀಲಗಳು ಹೊಸವು, ಖಾಲಿ, ಗಾಳಿ ಊದಿ ಕಟ್ಟಿದ್ದವು. ಫೋಟೋದಲ್ಲಿ ಬೀಳದ ಹಾಗೆ ನನ್ನನ್ನೂ ಡ್ರಮ್ಮನ್ನೂ ಮರದ ಹಿಂದೆ ನಿಲ್ಲಿಸಿದ್ದರು.

ಆಮೇಲೆ ಡ್ರಮ್ಮು ನನ್ನ ಬೆನ್ನಿಗೇರಿತು. ಬರುವಾಗ ಬರೀ ಟೆಂಟಿದ್ದದ್ದು ಈಗ ಎಳೆಗರುವಿನಷ್ಟು ಭಾರ. ಹೆಜ್ಜೆ ಹಾಕಿದರೆ ಒಳಗೆ ಅತ್ತಿತ್ತ ಹೊಯ್ದಾಡುತ್ತದೆ, ಅದರ ಜೊತೆ ನಾನೂ. ಇಳಿಜಾರಿನಲ್ಲಿ ಇವಳು ಬಿದ್ದರೆ ಮುಚ್ಚಳ ಬಿಚ್ಚಿಹೋಗುತ್ತದೆಂದು ರೇವಂತ್‌ಗೆ ಚಿಂತೆಯಾಯಿತು. ಬಂಡೆ ಹತ್ತುವ ಹಗ್ಗ ತಂದು ಡ್ರಮ್ಮಿಗೂ ನನ್ನ ಎದೆಗೂ ಸೊಂಟಕ್ಕೂ ಸುತ್ತಿದ. ಬೆನ್ನ ಹಿಂದೆ ಗಂಟು ಹಾಕಿದ. ಕ್ಲೈಂಬಿಂಗ್ ಗಂಟಂತೆ, ಆನೆ ಎಳೆದರೂ ಬಿಚ್ಚುವುದಿಲ್ಲ ಅಂತ ಚಿದಾನಂದ್ ಅನ್ನುವವನಿಗೆ ಹೇಳಿ ಹೆಮ್ಮೆಪಟ್ಟ. ಆ ಚಿದಾನಂದ್ ಬಿ.ಟಿ.ಎಂ.ನವನು, ಬ್ಯಾಂಕಿನ ಕೆಲಸ, ಮೊಬೈಲಿನಲ್ಲಿ ಗಂಟಿನ ವಿಡಿಯೋ ಮಾಡಿಕೊಂಡ.

ಸ್ವಲ್ಪ ದೂರ ನಡೆಯುವಷ್ಟರಲ್ಲಿ ವಾಸನೆ ಶುರುವಾಯಿತು. ಮುಂದಿನವರು ಮೂಗು ಮುಚ್ಚಿಕೊಂಡು ಬಿರಬಿರನೆ ನಡೆದರು. ಅರ್ಪಿತ ತಿರುಗಿ ನೋಡಿ, ಆಂಟಿ, ತಪ್ಪು ತಿಳ್ಕೋಬೇಡಿ, ಸ್ವಲ್ಪ ಹಿಂದೆ ಬರ್ತೀರಾ ಅಂದಳು. ಸಾರಿ ಅಂತಲೂ ಅಂದಳು. ಸಾರಿ ಅಂದವರನ್ನು ಬೈಯುವುದಕ್ಕೂ ಆಗುವುದಿಲ್ಲ. ನಿಂತೆ. ಅವರು ಮುಂದೆ ಹೋದರು. ನಡೆದೆ. ಮತ್ತೆ ಯಾರೋ ಕೈ ಬೀಸಿ ಇನ್ನೂ ಹಿಂದೆ ಅಂದರು. ಮತ್ತೆ ನಿಂತೆ. ಹಾಗೇ ಮಾಡುತ್ತ ಅವರ ಬೆನ್ನು ಕಾಣದಾಯಿತು. ಆಮೇಲೆ ಮಾತೂ ಕೇಳದಾಯಿತು.

ಕೂಗಿದೆ. ರೇವಂತಪ್ಪಾ ಅಂತ ಕೂಗಿದೆ. ಕಾಡು ನನ್ನ ಕೂಗನ್ನು ನುಂಗಿಕೊಂಡಿತು.

ನನಗೆ ಅಂತಹ ಹೆದರಿಕೆ ಹಿಂದೆ ಯಾವತ್ತೂ ಆಗಿರಲಿಲ್ಲ. ಗಂಡ ಸತ್ತ ದಿನವೂ ಆಗಿರಲಿಲ್ಲ. ದಾರಿ ಅಂತ ಒಂದು ಇರಲೇ ಇಲ್ಲ. ಎಲ್ಲ ಕಡೆಯೂ ಒಂದೇ ಥರದ ಹಸಿರು, ಒಂದೇ ಥರದ ಕತ್ತಲು. ಅವರ ಶೂ ಗುರುತು ಹುಡುಕಿಕೊಂಡು ಬಗ್ಗಿ ನಡೆದೆ. ಬಗ್ಗಿದರೆ ಡ್ರಮ್ಮು ತಲೆಯ ಮೇಲೆ ಬಂದು ಮುಂದಕ್ಕೆ ತಳ್ಳುತ್ತದೆ. ಎರಡು ಸಲ ಮುಗ್ಗರಿಸಿದೆ. ಬಾಯಿಗೆ ಮಣ್ಣು ಹೋಯಿತು. ಒಂದು ಕಡೆ ಲದ್ದಿ ಬಿದ್ದಿತ್ತು, ದೊಡ್ಡ ದೊಡ್ಡ ಉಂಡೆ. ಅದರಿಂದ ಇನ್ನೂ ಹಬೆ ಏಳುತ್ತಿತ್ತು. ಅಷ್ಟು ಹೊತ್ತು ಕಿವಿ ಕಿವುಡಾಗುವಂತೆ ಕಿರುಚುತ್ತಿದ್ದ ಜೀರುಂಡೆಗಳು ತಟಕ್ಕನೆ ನಿಂತವು.

ಸದ್ದು ಮಾಡಾಕಿಲ್ಲ ಕಣೇ ಅಂದಿದ್ದಳು ಅವ್ವ.

ಮೊದಲು ಕಂಡದ್ದು ಕಾಲು. ಮರದ ಬೊಡ್ಡೆ ಅಂದುಕೊಂಡಿದ್ದೆ. ಬೊಡ್ಡೆ ಎದ್ದು ಮುಂದಕ್ಕೆ ಬಂತು. ಅದರ ಪಕ್ಕದಲ್ಲಿ ಸಣ್ಣದೊಂದು. ಮರಿ ಇದ್ದ ಆನೆ. ನನಗೂ ಅದಕ್ಕೂ ನಡುವೆ ಒಂದು ಪೊದೆ, ಅಷ್ಟೇ. ಓಡಬೇಕೆಂದು ತಿರುಗಿದೆ. ಡ್ರಮ್ಮು ಬಿಡಲಿಲ್ಲ. ಹಗ್ಗಕ್ಕೆ ಕೈ ಹಾಕಿದೆ. ಎದೆಯ ಮೇಲೆ ಬರೀ ಸುತ್ತು, ಗಂಟು ಬೆನ್ನ ಹಿಂದೆ. ಉಗುರು ಕಿತ್ತುಬಂತು, ಹಗ್ಗ ಕದಲಲಿಲ್ಲ. ಕಾಲು ಜಾರಿ ಕೆಳಗೆ ಉರುಳಿದೆ. ಒಂದು ದೊಡ್ಡ ಮರದ ಬೇರುಗಳು ಗೋಡೆಯ ಹಾಗೆ ಎದ್ದಿದ್ದವು. ಎರಡು ಬೇರಿನ ಸಂದಿಯಲ್ಲಿ ಬಿದ್ದೆ. ಡ್ರಮ್ಮು ಅದರಲ್ಲಿ ಬೆಣೆ ಹೊಡೆದಂತೆ ಸಿಕ್ಕಿಕೊಂಡಿತು. ಮಗುಚಿದ ಜಿರಳೆಯ ಹಾಗೆ ಅಂಗಾತ ಬಿದ್ದಿದ್ದೆ, ಮುಖ ಮೇಲಕ್ಕೆ.

ಆನೆ ಹತ್ತಿರ ಬಂತು. ಅದರ ಸೊಂಡಿಲು ಬೇರಿನ ಮೇಲೆ ಆಡಿತು. ಡ್ರಮ್ಮಿನ ಮುಚ್ಚಳದ ಹತ್ತಿರ ಮೂಸಿತು. ಬಿಸಿ ಉಸಿರು ನನ್ನ ಕುತ್ತಿಗೆಗೆ ಬಡಿಯಿತು. ನಾನು ಉಚ್ಚೆ ಹೊಯ್ದುಕೊಂಡೆ. ಹೇಳಲು ನಾಚಿಕೆಯಿಲ್ಲ. ಯಾವ ದೇವರ ಹೆಸರೂ ಬಾಯಿಗೆ ಬರಲಿಲ್ಲ. ಅವ್ವನಿಗೆ ರಾತ್ರಿ ಮುದ್ದೆ ಯಾರು ಮಾಡಿಕೊಡುತ್ತಾರೆ ಅಂತ ಅದೊಂದೇ ಯೋಚನೆ. ನನ್ನ ಹೆಣ ಸಿಕ್ಕಿದರೆ ಇದರ ಜೊತೆಗೇ ಸಿಗುತ್ತದೆ, ಜಯನಗರದವರ ಹೇಲು ಮೈಗೆ ಕಟ್ಟಿಕೊಂಡು ಸತ್ತಳು ಅನ್ನುತ್ತಾರೆ. ಸಾಯುವ ಭಯದ ನಡುವೆಯೂ ಅದಕ್ಕೆ ಅಳು ಬಂತು.

ಮರಿ ಏನೋ ಸದ್ದು ಮಾಡಿತು. ಆನೆ ಸೊಂಡಿಲು ಎತ್ತಿತು, ಒಂದು ಸಲ ಸೀನಿದಂತೆ ಊದಿತು, ಹೊರಟುಹೋಯಿತು. ಹೋದದ್ದೂ ಸದ್ದಿಲ್ಲದೆಯೇ. ಹೋಯಿತೋ, ಪಕ್ಕದಲ್ಲೇ ನಿಂತಿದೆಯೋ ಗೊತ್ತಾಗದೆ ನಾನು ಹಾಗೇ ಬಿದ್ದಿದ್ದೆ. ಜೀರುಂಡೆ ಮತ್ತೆ ಕಿರುಚಲು ಶುರುಮಾಡಿದ ಮೇಲೆ ಬಾಯಿ ಬಿಟ್ಟು ಅತ್ತೆ.

ಶಂಭುಲಿಂಗಪ್ಪ ನನ್ನನ್ನು ಹುಡುಕಿಕೊಂಡು ವಾಪಸು ಬಂದ. ಸಾಲಿನಲ್ಲಿ ಒಂದು ತಲೆ ಕಮ್ಮಿ ಇರುವುದನ್ನು ಕಂಡವನು ಅವನೊಬ್ಬನೇ. ಬಿದ್ದಿದ್ದವಳನ್ನು ನೋಡಿ, ಹೊರೆ ಬಿಸಾಕಿ ಓಡು ಅಂತ ಗೇಟ್ನಾಗೇ ಹೇಳಿರ್ಲಿಲ್ವಾ ಅಂತ ಗದರಿಸಿದ. ಬೇರಿನ ಸಂದಿಗೆ ಬಗ್ಗಿದ, ಹಗ್ಗ ಕಂಡಿತು. ಮಚ್ಚಿನಿಂದ ಹಗ್ಗ ಕಡಿದ. ಡ್ರಮ್ಮಿಗೆ ಕೈ ತಗುಲದ ಹಾಗೆ ಜೋಪಾನವಾಗಿ ಕಡಿದ ಅನ್ನುವುದನ್ನೂ ಹೇಳಬೇಕು. ಆದರೆ ಕಡಿದ. ನನ್ನ ತೋಳು ಹಿಡಿದು ಎಬ್ಬಿಸಿದ. ನಾನು ನಡುಗುತ್ತಿದ್ದದ್ದು ನೋಡಿ ತನ್ನ ಕಂಬಳಿ ಕೊಟ್ಟ. ಡ್ರಮ್ಮು ಅಲ್ಲೇ ಬಿಟ್ಟು ಬಂದೆವು.

ಮಿಕ್ಕವರು ಹಳ್ಳದ ಬಂಡೆಯ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದರು. ನನ್ನ ಸೀರೆ ಹರಿದಿತ್ತು, ಮೊಣಕೈ ತರಚಿತ್ತು, ಲಂಗ ಒದ್ದೆ. ಆನೆ ಬಂದಿತ್ತು ಅಂತ ಶಂಭುಲಿಂಗಪ್ಪ ಹೇಳಿದ. ಅರ್ಪಿತ ಎದ್ದು ನಿಂತಳು. ರೇವಂತ್ ನನ್ನ ಬೆನ್ನ ಹಿಂದೆ ಇಣುಕಿ ನೋಡಿದ.

“ಡ್ರಮ್ ಎಲ್ಲಿ?” ಅಂದ.

ಅದು ಅವನ ಮೊದಲ ಮಾತು. ನಾನು ಬದುಕಿದ್ದೀನಾ ಅಂತ ಕೇಳಲಿಲ್ಲ. ಗೇಟಿನಲ್ಲಿ ಡ್ರಮ್ಮು ತೋರಿಸದಿದ್ದರೆ ಪರ್ಮಿಶನ್ ಕ್ಯಾನ್ಸಲ್, ಸೀಸನ್ನೇ ಹೋಯ್ತು, ನೀನು ಹೋಗಿ ತಗೊಂಡು ಬಾ, ಶಂಭುಲಿಂಗಪ್ಪ ಜೊತೆಗೆ ಬರ್ತಾನೆ ಅಂದ. ತರುವುದು ಮಾತ್ರ ನಾನು. ಹೊತ್ತು ಮತ್ತೆ ಹಿಂದಿನಿಂದ ಬರಬೇಕು. ಆನೆ ಇರುವ ಕಡೆಗೆ.

ನನ್ನ ಕಾಲು ನಿಲ್ಲುತ್ತಿರಲಿಲ್ಲ. ಬಂಡೆಯ ಮೇಲೆ ಕೂತುಬಿಟ್ಟೆ. ಅವರ ಬ್ಯಾಗುಗಳ ನಡುವೆ, ಅವರ ಬಿಸ್ಕತ್ತಿನ ಪಕ್ಕದಲ್ಲೇ ಕೂತೆ. ಬೇಕೆಂದು ಕೂತದ್ದಲ್ಲ. ಕೂತ ಮೇಲೆ ಏಳಬಾರದು ಅನಿಸಿತು.

“ಹೋಗಾಕಿಲ್ಲ,” ಅಂದೆ.

ಅವನಿಗೆ ಕೇಳಿಸಲಿಲ್ಲವೋ ಏನೋ. ಯಲ್ಲಮ್ಮ, ಟೈಮಿಲ್ಲ ಅಂದ. ಮನೆಗೆ ಹೋದ ಮೇಲೆ ಅಮ್ಮನಿಗೆ ಹೇಳಬೇಕಾಗುತ್ತೆ, ರೂಮಿನ ವಿಷಯ ಗೊತ್ತಲ್ಲ ಅಂದ. ಎಲ್ಲರೂ ನೋಡುತ್ತಿದ್ದರು. ನನಗೆ ಆನೆಯ ಭಯ, ರೂಮಿನ ಭಯ, ಅಷ್ಟು ಜನರ ಕಣ್ಣಿನ ಭಯ. ಹಲ್ಲು ಕಟಕಟ ಅನ್ನುತ್ತಿದ್ದವು. ಆ ಹಲ್ಲಿನ ಸಂದಿಯಿಂದಲೇ ಮಾತು ಈಚೆಗೆ ಬಂತು.

“ನೀನು ಕೂಸಾಗಿದ್ದಾಗ ನಿನ್ನ ಹೇಲಿನ ಬಟ್ಟೆ ಒಗ್ದಿದೀನಿ ರೇವಂತ. ಆಗ ನಿನಗೆ ಬುದ್ಧಿ ಇರ್ಲಿಲ್ಲ. ಈಗ ಮೀಸೆ ಬಂದದೆ. ನಿಂದು ನೀನೇ ಹೊರು. ಇವ್ರದ್ದೂ ಹೊರ್ತೀನಿ ಅಂತ ಕಾಸು ಇಸ್ಕೊಂಡಿರೋನು ನೀನು, ನಾನಲ್ಲ. ರೂಮು ಕೆಡವ್ತೀಯಾ, ಕೆಡವ್ಕೋ. ಆನೆ ಮುಂದೆ ಮಲಗೆದ್ದು ಬಂದೀನಿ. ಇನ್ನು ನಿನ್ನ ಹೊರೆಗೆ ನನ್ನ ಬೆನ್ನು ಕೊಡಾಕಿಲ್ಲ.”

ರೇವಂತ್‌ನ ಮುಖ ಕೆಂಪಾಯಿತು. ಶಂಭುಲಿಂಗಪ್ಪನ ಕಡೆ ನೋಡಿದ. ದಾರಿ ತೋರ್ಸೋದು ನನ್ನ ಡ್ಯೂಟಿ, ಹೊರೋದಲ್ಲ ಅಂದ ಅವನು. ಚಿದಾನಂದ್ ಕಡೆ ನೋಡಿದ. ಗುರು, ನಾವು ಪ್ಯಾಕೇಜ್ ತಗೊಂಡು ಬಂದಿರೋರು ಅಂದು ಅವನು ಮೊಬೈಲಿನಲ್ಲಿ ತಲೆ ಹುದುಗಿಸಿದ. ಕೊನೆಗೆ ರೇವಂತ್ ಶಂಭುಲಿಂಗಪ್ಪನ ಜೊತೆ ತಾನೇ ಹೋದ. ಬಂದಾಗ ಡ್ರಮ್ಮು ಅವನ ಬೆನ್ನ ಮೇಲಿತ್ತು. ಎರಡು ಸಲ ಕಕ್ಕಿದನಂತೆ. ಕಣ್ಣಲ್ಲಿ ನೀರು.

ಮತ್ತೆ ಸಾಲು ಕಟ್ಟಿತು. ನಾನು ಹೋಗಿ ನಡುವೆ ನಿಂತೆ, ಅರ್ಪಿತಳ ಮುಂದೆ. ಅವಳು ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ತನ್ನ ಬಾಟಲಿ ನನ್ನ ಕೈಗೇ ಕೊಟ್ಟಳು. ಬೇಡ ಅಂದೆ. ಬಾಯಾರಿತ್ತು, ಆದರೂ ಬೇಡ ಅಂದೆ.

ಡ್ರಮ್ಮು ಹೊತ್ತವನು ಕೊನೆಗೆ ಬಿದ್ದ. ವಾಸನೆಗೆ ಮುಂದಿನವರು ಹೆಜ್ಜೆ ಜೋರು ಮಾಡಿದರು. ಅವನು ಹಿಂದೆ ಉಳಿಯುತ್ತ ಹೋದ. ನಿಧಾನ ಹೋಗ್ರೋ ಅನ್ನುತ್ತಿದ್ದ ಮೊದಲು. ಆಮೇಲೆ ಬೈದ. ಆಮೇಲೆ ಬೈಗುಳ ನಿಂತು ಬರೀ ಕೂಗು ಬಂತು, ಚಿಕ್ಕ ಹುಡುಗನ ಥರ. ನನಗೆ ಕನಿಕರ ಬಂತು. ಬಂದ ಕನಿಕರವನ್ನು ನುಂಗಿಕೊಂಡೆ. ಸಾಲು ನಿಲ್ಲಿಸಿದವನು ಶಂಭುಲಿಂಗಪ್ಪ, ನಾನಲ್ಲ.

ಊರಿಗೆ ಬಂದ ಮಾರನೆಯ ಬೆಳಿಗ್ಗೆಯೇ ಗಂಗಾಧರಯ್ಯ ನಮ್ಮ ರೂಮಿನ ಹತ್ತಿರ ಬಂದರು. ಇಷ್ಟು ವರ್ಷದಲ್ಲಿ ಒಂದು ದಿನವೂ ಬಂದವರಲ್ಲ. ಸಂಪಿನ ಆಚೆಯೇ ನಿಂತು, ಮುಂದಿನ ಭಾನುವಾರ ಜೆಸಿಬಿ ಬರ್ತದೆ, ಅಷ್ಟರಲ್ಲಿ ಸಾಮಾನು ತೆಗೀರಿ ಅಂದರು. ಅವರ ಹಿಂದೆ ಅಂಜನಮ್ಮ ನಿಂತಿದ್ದರು. ಹೆಂಗಸಿಗೆ ಅಷ್ಟು ನಾಲಿಗೆ ಇರಬಾರದು ಅಂತ ಅವ್ವನಿಗೆ ಹೇಳಿದರು. ಅವರು ಹೋದ ಮೇಲೆ ಅವ್ವ ಹಳೆಯ ಸೀರೆ ಹಾಸಿ ಪಾತ್ರೆಗಳನ್ನು ತಡಕಾಡಿಕೊಂಡು ಒಂದೊಂದಾಗಿ ಇಡತೊಡಗಿದಳು. ಎಲ್ಲಿಗೆ ಹೋಗುವುದೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಆ ವಾರವೆಲ್ಲ ನಾನು ರೂಮು ಹುಡುಕಿದೆ. ಹೆಸರು ಹೇಳಿದ ಮೇಲೆ ಯಾವ ಕಡೆಯವರು ಅಂತ ಕೇಳುತ್ತಿದ್ದರು. ಹೇಳಿದ ಮೇಲೆ ರೂಮು ಬೇರೆಯವರಿಗೆ ಆಗಿರುತ್ತಿತ್ತು.

ಶನಿವಾರ ಬೆಳಕು ಹರಿಯುವಾಗ ಮುಂದೆ ಟೆಂಪೋ ಟ್ರಾವೆಲರಿನ ಸದ್ದು ಕೇಳಿತು. ಗೋಡೆಯ ಪಕ್ಕದಿಂದ ಇಣುಕಿದೆ. ಹೊಸ ಜನ, ಹೊಸ ಬ್ಯಾಗುಗಳು. ಗಾಡಿಯ ಮೇಲೆ ನೀಲಿ ಡ್ರಮ್ಮು, ತೊಳೆದು ಹೊಳೆಯುತ್ತಿತ್ತು. ಹಿಂದಿನ ಸೀಟಿನಲ್ಲಿ ಕಿಟಕಿಯ ಪಕ್ಕ ಒಬ್ಬ ಹೆಂಗಸು ಕೂತಿದ್ದಳು. ಗುರುತು ಹಿಡಿದೆ. ಹೊಸಕೆರೆಹಳ್ಳಿಯ ಅಣ್ಣಮ್ಮ, ಅಲ್ಲಿನ ಅಪಾರ್ಟ್‌ಮೆಂಟಿನಲ್ಲಿ ಕಸ ಎತ್ತುವವಳು. ನನಗಿಂತ ಬಡಕಲು. ತವರಿಗೆ ಹೊರಟವಳ ಹಾಗೆ ತಲೆಗೆ ಹೂ ಮುಡಿದುಕೊಂಡಿದ್ದಳು. ಅವಳಿಗೂ ತರಕಾರಿ ಹೆಚ್ಚುವ ಕೆಲಸ ಅಂತಲೇ ಹೇಳಿರುತ್ತಾರೆ.

ಹೋಗಬೇಡ ಅಂತ ಅವ್ವ ನನ್ನ ಸೆರಗು ಹಿಡಿದಳು. ನಾಳೆವರೆಗಾದ್ರೂ ಸೂರು ಇದೆ, ಈಗ ಬಾಯಿ ಬಿಟ್ರೆ ಈಗ್ಲೇ ಬೀದಿಗೆ ಎಸೀತಾರೆ ಅಂದಳು. ನಿಜವಾದ ಮಾತು. ಬೇರಿನ ಸಂದಿಯಲ್ಲಿ ಬಿದ್ದಿದ್ದಾಗ ಆದ ಭಯಕ್ಕಿಂತ ಈ ಭಯ ಕಮ್ಮಿಯೇನಲ್ಲ. ಅವಳಾದರೆ ಅವಳು, ನನಗೇನು ಅಂದುಕೊಳ್ಳಲು ನೋಡಿದೆ. ಆಗಲಿಲ್ಲ. ಸೆರಗು ಬಿಡಿಸಿಕೊಂಡೆ.

ಹೋಗಿ ಗಾಡಿಯ ಮುಂದೆ ನಿಂತೆ. ಡ್ರೈವರು ಹಾರ್ನ್ ಹೊಡೆದ. ರೇವಂತ್ ಇಳಿದು ಬಂದು, ಸೈಡಿಗೆ ಹೋಗು, ಸೀನ್ ಮಾಡ್ಬೇಡ ಅಂದ. ಗಂಗಾಧರಯ್ಯ ಬಾಲ್ಕನಿಗೆ ಬಂದರು. ನಾನು ಯಾರ ಮುಖವನ್ನೂ ನೋಡಲಿಲ್ಲ, ನೋಡಿದ್ದರೆ ಓಡಿಬಿಡುತ್ತಿದ್ದೆ. ಹಿಂದಿನ ಕಿಟಕಿಯ ಕಡೆ ತಿರುಗಿ ಅಣ್ಣಮ್ಮನಿಗೆ ಎಲ್ಲ ಹೇಳಿದೆ. ತೂತಿನ ಕುರ್ಚಿ, ಚೀಲ, ಹಗ್ಗ, ಆನೆ, ಉಚ್ಚೆ ಹೊಯ್ದುಕೊಂಡದ್ದು, ಎಲ್ಲ. ಗಂಟಲು ಒಡೆದು ಧ್ವನಿ ಕೀರಲಾಯಿತು. ಗಾಡಿಯೊಳಗಿದ್ದವರೆಲ್ಲ ಕೇಳಿಸಿಕೊಂಡರು. ಕೇಳಲಿ ಅಂತಲೇ ಜೋರಾಗಿ ಹೇಳಿದೆ.

ಅಣ್ಣಮ್ಮ ರೇವಂತ್‌ನನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಎದ್ದು, ಎಲ್ಲರ ಮೊಣಕಾಲು ದಾಟಿಕೊಂಡು ಕೆಳಗಿಳಿದಳು. ರೇವಂತ್ ಗಾಡಿಯ ಬಾಗಿಲಲ್ಲಿ ನಿಂತು ಒಳಗಿನವರ ಕಡೆ ತಿರುಗಿದ. ಹಾಗಾದರೆ ಡ್ರಮ್ಮು ಹೊರೋರು ಯಾರು ಅಂತ ಅವರಲ್ಲೊಬ್ಬ ಕೇಳಿದ. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಗಂಗಾಧರಯ್ಯನವರು ಎಸೆಸುತ್ತಿದ್ದ ನಮ್ಮ ಪಾತ್ರೆಗಳು ಹಿಂದಿನಿಂದ ರಸ್ತೆಗೆ ಬಂದು ಬೀಳುವ ಸದ್ದು ಕೇಳುತ್ತಿತ್ತು. ಅವ್ವ ಗೋಡೆ ಹಿಡಿದುಕೊಂಡು ಈಚೆಗೆ ಬಂದು ನನ್ನ ಪಕ್ಕ ನಿಂತಳು, ಇನ್ನೊಂದು ಪಕ್ಕಕ್ಕೆ ಅಣ್ಣಮ್ಮ. ಗಾಡಿ ಹೊರಡಲಿಲ್ಲ.